ಬ್ರಾ ಸರಿಯಾಗಿ ಕೂರುತ್ತಿಲ್ಲವೇ? ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಹೆಗಲಿಂದ ಸ್ಟ್ರಾಪ್ ಜಾರುತ್ತದೆ ಎಂದು ಬಿಗಿ ಮಾಡುತ್ತೀರಿ. ಬಿಗಿ ಮಾಡಿದ್ದಕ್ಕೆ ಹೆಗಲ ಮೇಲೆ ಕೆಂಪು ಗೆರೆ ಬೀಳುತ್ತದೆ, ಬೆನ್ನ ಕಡೆ ಪಟ್ಟಿ ಮೇಲೇರುತ್ತದೆ, ಮುಂದೆ ಕಪ್ಪು ಕೆಳಗೆ ಜಗ್ಗುತ್ತದೆ. ಸಂಜೆ ಮನೆಗೆ ಬಂದಮೇಲೆ ಮೊದಲು ಬಿಚ್ಚುವುದು ಅದನ್ನೇ. ಬ್ರಾದ ತೊಂದರೆಗಳು ಬಹುಮಟ್ಟಿಗೆ ಹೀಗೆಯೇ: ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಹಾಗಾಗಿ ನೋಯುವ ಕಡೆಯೇ ರಿಪೇರಿ ಮಾಡಲು ಹೋದರೆ ಒಂದು ಸರಿಹೋಗಿ ಎರಡು ಕೆಡುತ್ತವೆ. ನನ್ನ ಭುಜ ಇಳಿಜಾರು, ನನ್ನ ಮೈಕಟ್ಟೇ ಸರಿಯಿಲ್ಲ ಎಂದುಕೊಂಡು ವರ್ಷಗಟ್ಟಲೆ ಸಹಿಸಿಕೊಳ್ಳುವವರು ಬಹಳ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅಳತೆ ತಪ್ಪಿರುವುದು ಬಟ್ಟೆಯದು.

ಕೆಳಗಿನ ವಿವರದಲ್ಲಿ ಬ್ಯಾಂಡ್ ಎಂದರೆ ಎದೆಯ ಕೆಳಗೆ ಮೈಸುತ್ತ ಬರುವ ಪಟ್ಟಿ, ನಡುತುಂಡು ಎಂದರೆ ಎರಡು ಕಪ್ಪುಗಳ ಮಧ್ಯದ ಚಿಕ್ಕ ಬಟ್ಟೆ, ಸ್ಟ್ರಾಪ್ ಎಂದರೆ ಹೆಗಲ ಪಟ್ಟಿ, ಕಪ್ಪು ಎಂದರೆ ಎದೆಯನ್ನು ಹಿಡಿದಿಡುವ ಬಟ್ಟಲಿನಂಥ ಭಾಗ, ವೈರ್ ಎಂದರೆ ಕೆಲವು ಬ್ರಾಗಳಲ್ಲಿ ಕಪ್ಪಿನ ಬುಡಕ್ಕೆ ಹೊಲಿದಿರುವ ಬಾಗಿದ ತಂತಿ.

ಮೊದಲು ಹಾಕಿಕೊಳ್ಳುವ ರೀತಿ ನೋಡಿ

ಸೈಜು ತಪ್ಪು ಎಂದು ತೀರ್ಮಾನಿಸುವ ಮುಂಚೆ ಇದೊಂದನ್ನು ಮಾಡಿ. ಬ್ರಾ ಹೊಸದಾದರೆ ಹುಕ್ಕನ್ನು ಅತಿ ಸಡಿಲವಾದ ಸಾಲಿಗೆ ಹಾಕಿ. ಮುಂದಕ್ಕೆ ಬಾಗಿ, ಬಲಗೈಯನ್ನು ಎಡ ಕಪ್ಪಿನೊಳಗೆ ಹಾಕಿ, ಕಂಕುಳ ಕಡೆ ಸರಿದಿರುವ ಮಾಂಸವನ್ನೆಲ್ಲ ಮುಂದಕ್ಕೆ, ಕಪ್ಪಿನ ಒಳಕ್ಕೆ ತನ್ನಿ. ಇನ್ನೊಂದು ಬದಿಗೂ ಹಾಗೆಯೇ. ನೆಟ್ಟಗೆ ನಿಂತು, ಬ್ಯಾಂಡನ್ನು ಹಿಂದೆ ಕೆಳಕ್ಕೆ ಎಳೆದು ನೆಲಕ್ಕೆ ಸಮವಾಗಿ ಕೂರಿಸಿ. ಸ್ಟ್ರಾಪ್ ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ.

ಹುಕ್ಕನ್ನು ಮುಂದೆ ಹಾಕಿಕೊಂಡು ಆಮೇಲೆ ಹಿಂದಕ್ಕೆ ತಿರುಗಿಸುವ ಅಭ್ಯಾಸವಿದ್ದರೆ ಬಿಡಬೇಕಾಗಿಲ್ಲ. ಆದರೆ ತಿರುಗಿಸಿದ ಮೇಲೆ ಈ ಬಾಗಿ ತುಂಬಿಸುವ ಕೆಲಸ ಮಾಡಲೇಬೇಕು. ಮಾಡದಿದ್ದರೆ ವೈರ್ ಎದೆಯ ಬುಡದ ಗೆರೆಯಲ್ಲಿ ಕೂರುವ ಬದಲು ಮಾಂಸದ ಮೇಲೆಯೇ ಕೂರುತ್ತದೆ. ಹೀಗೆ ಸರಿಯಾಗಿ ತುಂಬಿಸಿದಾಗ, ಇಷ್ಟು ದಿನ ದೊಡ್ಡದು ಎನಿಸುತ್ತಿದ್ದ ಕಪ್ಪು ಚಿಕ್ಕದು ಎಂದು ಗೊತ್ತಾಗುವುದೂ ಉಂಟು.

ಪೊಟ್ಟಣದ ಮೇಲಿನ 34 ಇಂಚಿನ ಲೆಕ್ಕವಲ್ಲ

ಟೈಲರ್ ಟೇಪು ತೆಗೆದುಕೊಳ್ಳಿ. ಒಂದನೇ ಅಳತೆ ಎದೆಯ ಕೆಳಗಿನ ಸುತ್ತಳತೆ: ಉಸಿರು ಹೊರಬಿಟ್ಟು, ಟೇಪು ಮೈಗೆ ಒತ್ತಿ, ಸುತ್ತಲೂ ನೆಲಕ್ಕೆ ಸಮವಾಗಿರಬೇಕು. ಎರಡನೆಯದು ಎದೆಯ ಅತಿ ಉಬ್ಬಿನ ಮೇಲಿನ ಸುತ್ತಳತೆ: ಪ್ಯಾಡ್ ಇಲ್ಲದ ಬ್ರಾ ಹಾಕಿಕೊಂಡು, ಟೇಪು ಬರೀ ತಾಕುವಂತೆ, ಒತ್ತದಂತೆ. ಎರಡನ್ನೂ ಸೆಂಟಿಮೀಟರಿನಲ್ಲೇ ಬರೆದಿಡಿ.

ಗೊಂದಲ ಶುರುವಾಗುವುದು ಇದಾದ ಮೇಲೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪೊಟ್ಟಣಗಳಲ್ಲಿ 34ರ ಪಕ್ಕದಲ್ಲೇ ಸಾಮಾನ್ಯವಾಗಿ 75 ಎಂದೂ ಇರುತ್ತದೆ. ಆ 75 ಎಂಬುದು ಎದೆಯ ಕೆಳಗಿನ ಸುತ್ತಳತೆ, ಅಂದಾಜು 73ರಿಂದ 77 ಸೆಂ.ಮೀ., ಅಂದರೆ ಇಂಚಿನಲ್ಲಿ 29ರಿಂದ 30ರ ಆಸುಪಾಸು. 32ಕ್ಕೆ 70, 36ಕ್ಕೆ 80, 38ಕ್ಕೆ 85, ಹೀಗೆ ಸಾಗುತ್ತದೆ. 34 ಎಂಬುದು ಹಳೆಯ ಲೆಕ್ಕದ ಹೆಸರು. ಎದೆಯ ಕೆಳಗಿನ ಇಂಚಿಗೆ ನಾಲ್ಕೋ ಐದೋ ಸೇರಿಸಿ ಬಂದದ್ದು. ಇಂಗ್ಲೆಂಡಿನ ಕೆಲವು ಅಳತೆ ಕ್ರಮಗಳು ಏನನ್ನೂ ಸೇರಿಸುವುದಿಲ್ಲ. ಕೆಳಗೆ 30 ಇಂಚು, ಮೇಲೆ 36 ಇಂಚು ಇರುವ ಒಬ್ಬಳೇ ಹೆಂಗಸಿಗೆ ನಮ್ಮ ಅಂಗಡಿಯ ಪಟ್ಟಿ 34ಬಿ ಎಂದರೆ ಅಲ್ಲಿನ ಲೆಕ್ಕ 30ಇ ಎನ್ನುತ್ತದೆ. ಅಂತರ್ಜಾಲದ ಯಾವುದೋ ಲೆಕ್ಕ ನೋಡಿಕೊಂಡು ಪೇಟೆಯಲ್ಲಿ 30ಇ ಕೇಳಿದರೆ ಸಿಗುವುದಿಲ್ಲ. ಇ ಎಂಬುದು ತೀರಾ ದೊಡ್ಡ ಸೈಜು ಎಂದು ಗಾಬರಿಯೂ ಆಗುತ್ತದೆ. ಎರಡು ಕ್ರಮಗಳನ್ನು ಬೆರೆಸಬೇಡಿ. ಕೊಳ್ಳುವ ಕಂಪನಿಯದೇ ಸೆಂಟಿಮೀಟರ್ ಪಟ್ಟಿಯನ್ನು ನಂಬಿ. ನಿಮ್ಮ ಅಳತೆ ಎರಡು ಬ್ಯಾಂಡುಗಳ ಮಧ್ಯೆ ಬಿದ್ದರೆ ಮೊದಲು ಚಿಕ್ಕದನ್ನು ಹಾಕಿ ನೋಡಿ, ಯಾಕೆಂದರೆ ಎಲಾಸ್ಟಿಕ್ ದಿನ ಕಳೆದಂತೆ ಸಡಿಲವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ.

ಸೆಂಟಿಮೀಟರ್ ಲೆಕ್ಕದಲ್ಲಿ ಮೇಲಿನ ಮತ್ತು ಕೆಳಗಿನ ಸುತ್ತಳತೆಯ ವ್ಯತ್ಯಾಸ 12ರಿಂದ 14 ಇದ್ದರೆ ಎ, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಇದರಿಂದ ಒಂದು ವಿಷಯ ತಿಳಿಯುತ್ತದೆ: ಕಪ್ಪಿನ ಅಕ್ಷರಕ್ಕೆ ತನ್ನಷ್ಟಕ್ಕೆ ಯಾವ ಗಾತ್ರವೂ ಇಲ್ಲ. 32ಸಿ, 34ಬಿ, 36ಎ ಮೂರರಲ್ಲೂ ಕಪ್ಪಿಗೆ ಹಿಡಿಸುವುದು ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಬ್ಯಾಂಡಿನ ಉದ್ದ. ಬ್ಯಾಂಡ್ ಒಂದು ಸೈಜು ಇಳಿಸಿದರೆ ಅಕ್ಷರ ಒಂದು ಏರಿಸಬೇಕು, ಬ್ಯಾಂಡ್ ಏರಿಸಿದರೆ ಅಕ್ಷರ ಇಳಿಸಬೇಕು. ಮುಂದೆ ಹೇಳುವ ಬಹುತೇಕ ಪರಿಹಾರಗಳು ಈ ಸೂತ್ರದ ಮೇಲೆಯೇ ನಿಂತಿವೆ.

ಬೆನ್ನ ಹಿಂದೆ ಬ್ಯಾಂಡ್ ಮೇಲೇರುತ್ತದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು, ಉಳಿದವುಗಳ ತಾಯಿಬೇರೂ ಇದೇ. ಕನ್ನಡಿಗೆ ಪಕ್ಕವಾಗಿ ನಿಂತು ನೋಡಿ. ಮುಂದಿನಿಂದ ಹಿಂದಿನವರೆಗೆ ಬ್ಯಾಂಡ್ ಒಂದೇ ಮಟ್ಟದಲ್ಲಿರಬೇಕು. ಹಿಂದೆ ಬಿಲ್ಲಿನಂತೆ ಮೇಲಕ್ಕೆ ಬಾಗಿದ್ದರೆ ಬ್ಯಾಂಡ್ ಸಡಿಲ. ಎದೆಯ ಭಾರವನ್ನು ಹೊರಬೇಕಾದದ್ದು ಬ್ಯಾಂಡ್. ಅದು ಹಿಡಿಯದಿದ್ದರೆ ಭಾರವೆಲ್ಲ ಸ್ಟ್ರಾಪಿಗೆ ಬಿದ್ದು, ಸ್ಟ್ರಾಪ್ ಹಿಂದಿನ ಬ್ಯಾಂಡನ್ನು ಮೇಲಕ್ಕೆ ಜಗ್ಗುತ್ತದೆ. ಆಗ ಹೆಗಲು, ಕುತ್ತಿಗೆ ನೋಯುತ್ತವೆ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಬ್ರಾವನ್ನು ತಿರುವು ಮುರುವಾಗಿ, ಕಪ್ಪುಗಳು ಬೆನ್ನ ಕಡೆ, ಹುಕ್ಕು ಎದೆಯ ಕೆಳಗೆ ಬರುವಂತೆ ಹಾಕಿ. ಸ್ಟ್ರಾಪಿಗೆ ಕೈ ಹಾಕಬೇಡಿ. ಈಗ ಕಪ್ಪಿಗೂ ಬ್ಯಾಂಡಿಗೂ ಸಂಬಂಧವಿಲ್ಲ, ಬ್ಯಾಂಡಿನ ಬಿಗಿಯೊಂದೇ ತಿಳಿಯುತ್ತದೆ. ಅತಿ ಸಡಿಲ ಸಾಲಿಗೆ ಹಾಕಿದಾಗ ಎರಡು ಬೆರಳು ಒಳಗೆ ಹೋಗಬೇಕು, ಮುಷ್ಟಿ ಹೋಗಬಾರದು. ಹೀಗೆ ತಿರುಗಿಸಿ ಹಾಕಿದಾಗ ಹಿತವಾಗಿದ್ದು, ನೆಟ್ಟಗೆ ಹಾಕಿದಾಗ ಮಾತ್ರ ಉಸಿರು ಕಟ್ಟಿದಂತಾದರೆ ಬ್ಯಾಂಡ್ ಸರಿಯಾಗಿಯೇ ಇದೆ, ಕಪ್ಪು ಚಿಕ್ಕದು. ಕಪ್ಪಿನಲ್ಲಿ ಹಿಡಿಸದ ಎದೆ ಬ್ಯಾಂಡಿನ ಉದ್ದವನ್ನೂ ಕಬಳಿಸುತ್ತಿದೆ. ಬಿಗಿ ಎಂದು 36ಕ್ಕೆ, 38ಕ್ಕೆ ಏರುತ್ತ ಹೋಗುವವರಲ್ಲಿ ಅನೇಕರ ನಿಜವಾದ ತೊಂದರೆ ಇದೇ. ಅವರಿಗೆ ಬೇಕಾದದ್ದು ದೊಡ್ಡ ಅಕ್ಷರ, ದೊಡ್ಡ ಅಂಕಿಯಲ್ಲ.

ಬ್ಯಾಂಡ್ ಸಡಿಲ ಎಂದು ಖಚಿತವಾದರೆ 36ಬಿ ಇದ್ದವರು 34ಸಿ ಹಾಕಿ ನೋಡಬೇಕು. ಈಗಾಗಲೇ ಕೊಂಡದ್ದನ್ನು ಮನೆಯಲ್ಲೇ ಕಿರಿದು ಮಾಡಬಹುದು: ಹುಕ್ಕಿನ ಪಟ್ಟಿಯನ್ನೂ ಕೊಂಡಿಯ ಪಟ್ಟಿಯನ್ನೂ ಬಿಚ್ಚಿ, ಬ್ಯಾಂಡಿನ ಎರಡು ತುದಿಯಿಂದಲೂ ಒಂದೂವರೆ ಸೆಂ.ಮೀ.ನಷ್ಟು ಒಳಗೆ ತೆಗೆದುಕೊಂಡು ಮತ್ತೆ ಹೊಲಿಯಿರಿ. ಒಟ್ಟು ಮೂರು, ಮೂರೂವರೆ ಸೆಂ.ಮೀ. ಮೀರಬೇಡಿ, ಮೀರಿದರೆ ಕಪ್ಪುಗಳು ಪಕ್ಕಕ್ಕೆ ಎಳೆದುಕೊಳ್ಳುತ್ತವೆ. ಒಂದೇ ತುದಿಯಿಂದ ಹಿಡಿದರೆ ಹುಕ್ಕು ಬೆನ್ನ ನಡುವಿಗೆ ಬರುವುದಿಲ್ಲ.

ನಿಜವಾಗಿಯೂ ಬಿಗಿ ಇದ್ದರೆ, ಬಿಚ್ಚಿ ಒಂದು ಗಂಟೆಯಾದರೂ ಮಾಸದ ಆಳವಾದ ಗುರುತು ಇದ್ದರೆ, ಎಕ್ಸ್‌ಟೆಂಡರ್ ಎಂಬ ಚಿಕ್ಕ ಹುಕ್ಕಿನ ತುಂಡು ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುತ್ತದೆ. ನಿಮ್ಮ ಬ್ರಾದಲ್ಲಿ ಮೇಲೆ ಕೆಳಗೆ ಎಷ್ಟು ಹುಕ್ಕಿವೆಯೋ, ಎರಡೋ ಮೂರೋ, ಅಷ್ಟೇ ಇರುವುದನ್ನು ತನ್ನಿ. ಹುಕ್ಕುಗಳ ನಡುವಿನ ಅಂತರವೂ ಹೊಂದಬೇಕು, ಅದಕ್ಕೆ ಬ್ರಾವನ್ನೇ ಚೀಲದಲ್ಲಿ ಒಯ್ಯುವುದು ಒಳ್ಳೆಯದು.

ಸ್ಟ್ರಾಪ್ ಜಾರುತ್ತದೆ, ಅಥವಾ ಹೆಗಲಿಗೆ ಕೊರೆಯುತ್ತದೆ

ಕೊರೆಯುವುದಾದರೆ ನೇರವಾಗಿ ಬ್ಯಾಂಡಿಗೆ ಹೋಗಿ. ಸ್ಟ್ರಾಪನ್ನು ಎರಡೂ ಹೆಗಲಿಂದ ಕೆಳಗೆ ಬಿಟ್ಟು ಕನ್ನಡಿಯಲ್ಲಿ ನೋಡಿ. ಬ್ರಾ ಸ್ವಲ್ಪ ಇಳಿದು ಅಲ್ಲಿಯೇ ನಿಂತರೆ ಬ್ಯಾಂಡ್ ತನ್ನ ಕೆಲಸ ಮಾಡುತ್ತಿದೆ. ಪೂರ್ತಿ ಕುಸಿದರೆ ಇಷ್ಟು ದಿನ ಹೆಗಲೇ ಹೊತ್ತಿದೆ. ಎದೆ ಭಾರವಿರುವವರು ಒಂದು ಸೆಂ.ಮೀ. ಅಗಲದ ಸ್ಟ್ರಾಪಿನ ಬದಲು ಎರಡು ಸೆಂ.ಮೀ. ಅಥವಾ ಅದಕ್ಕಿಂತ ಅಗಲದ್ದನ್ನು, ಮೂರು ಹುಕ್ಕಿನ ಅಗಲ ಬ್ಯಾಂಡ್ ಇರುವುದನ್ನು ಆರಿಸಿಕೊಳ್ಳಬೇಕು.

ಜಾರುವುದಾದರೆ ಮೂರು ಕಾರಣ ನೋಡಿ. ಬ್ಯಾಂಡ್ ಸಡಿಲವಾಗಿ ಮೇಲೇರಿದರೆ ಸ್ಟ್ರಾಪಿನ ಬಿಗಿ ತಾನಾಗಿ ಕಳೆದುಹೋಗುತ್ತದೆ. ಕಪ್ಪಿನ ಮೇಲ್ಭಾಗ ಖಾಲಿ ಇದ್ದರೂ ಜಾರುತ್ತದೆ. ಇವೆರಡೂ ಇಲ್ಲದಿದ್ದರೆ ಬೆಳಿಗ್ಗೆ ಸ್ಲೈಡರ್, ಅಂದರೆ ಸ್ಟ್ರಾಪಿನ ಉದ್ದ ಹೊಂದಿಸುವ ಚಿಕ್ಕ ಬಳೆ, ಇರುವ ಜಾಗಕ್ಕೆ ಪೆನ್ನಿನಿಂದ ಚಿಕ್ಕ ಗುರುತು ಹಾಕಿ ಸಂಜೆ ನೋಡಿ. ಸ್ಲೈಡರ್ ಸರಿದಿದ್ದರೆ ಅದು ಸವೆದಿದೆ. ನಿಮಗೆ ಬೇಕಾದ ಉದ್ದಕ್ಕೆ ನಿಲ್ಲಿಸಿ ಅದರ ಹಿಂದೆ ನಾಲ್ಕೈದು ಹೊಲಿಗೆ ಹಾಕಿಬಿಡಿ. ಸರಿಯದೆಯೂ ಜಾರುತ್ತಿದ್ದರೆ ಸ್ಟ್ರಾಪುಗಳು ನಿಮ್ಮ ಹೆಗಲಿಗೆ ದೂರ ದೂರ ಬಿದ್ದಿವೆ. ಬೆನ್ನಲ್ಲಿ ಎರಡನ್ನೂ ಹತ್ತಿರ ಸೇರಿಸುವ ಚಿಕ್ಕ ಕ್ಲಿಪ್ಪು, ಇಲ್ಲವೇ ಹಿಂದೆ ಇಂಗ್ಲಿಷಿನ ಯು ಆಕಾರದಲ್ಲಿರುವ ಬ್ರಾ ಅದಕ್ಕೆ ಮದ್ದು.

ಕಪ್ಪಿನಿಂದ ಹೊರಚೆಲ್ಲುತ್ತದೆ, ಅಥವಾ ಕಪ್ಪು ಸುಕ್ಕುಗಟ್ಟುತ್ತದೆ

ಮೇಲಂಚಿನಲ್ಲಿ ಎದೆ ಎರಡು ಭಾಗವಾದಂತೆ ಕಾಣುವುದು, ಕಂಕುಳ ಪಕ್ಕ ಉಬ್ಬುವುದು, ಕೈ ಎತ್ತಿದಾಗ ಕೆಳಗಿನಿಂದ ಜಾರಿ ಬರುವುದು, ನಡುತುಂಡು ಎದೆಯ ಮೂಳೆಗೆ ತಾಕದೆ ಎದ್ದು ನಿಲ್ಲುವುದು: ನಾಲ್ಕಕ್ಕೂ ಅರ್ಥ ಕಪ್ಪು ಚಿಕ್ಕದು. ಬ್ಯಾಂಡ್ ಹಾಗೇ ಇಟ್ಟು ಅಕ್ಷರ ಒಂದು ಏರಿಸಿ. ಕಂಕುಳ ಪಕ್ಕದ ಉಬ್ಬನ್ನು ಬೊಜ್ಜು ಎಂದು ತಿಳಿಯುವವರು ಹಲವರು. ಅದರಲ್ಲಿ ಒಂದಷ್ಟು ಕಪ್ಪಿನೊಳಗೆ ಇರಬೇಕಾದದ್ದೇ.

ಸುಕ್ಕಿನ ವಿಚಾರ ಇಷ್ಟು ಸುಲಭವಿಲ್ಲ. ಕಪ್ಪು ಎಲ್ಲ ಕಡೆ ಸಡಿಲವಿದ್ದರೆ ದೊಡ್ಡದು, ಸರಿ. ಆದರೆ ಕೆಳಗೆ ತುಂಬಿ, ಮೇಲೆ ಮಾತ್ರ ಖಾಲಿ ಉಳಿದರೆ ಅದು ಆಕಾರದ ತೊಂದರೆ. ಮಗುವಿಗೆ ಹಾಲೂಡಿಸಿದ ಮೇಲೆ, ತೂಕ ಇಳಿದ ಮೇಲೆ, ವಯಸ್ಸಾದಂತೆ ಎದೆಯ ಮೇಲ್ಭಾಗ ತೆಳುವಾಗುವುದು ಸಹಜ. ಅಚ್ಚು ಹೊಡೆದ ಫೋಮ್ ಕಪ್ಪಿಗೆ ಅದರದೇ ಗಟ್ಟಿ ಆಕಾರವಿರುತ್ತದೆ. ಅದು ಮೈಯನ್ನು ಅನುಸರಿಸುವುದಿಲ್ಲ. ಇಲ್ಲಿ ಸೈಜು ಇಳಿಸಿದರೆ ಕೆಳಗೆ ಒತ್ತುತ್ತದೆ, ಮೇಲಿನ ಸುಕ್ಕು ಹಾಗೇ ಉಳಿಯುತ್ತದೆ. ಎರಡು ಮೂರು ತುಂಡು ಬಟ್ಟೆ ಜೋಡಿಸಿ ಹೊಲಿದ, ಫೋಮ್ ಇಲ್ಲದ ಕಪ್ಪು ಅಥವಾ ಮೇಲಂಚು ಕಡಿಮೆ ಇರುವ ಬಾಲ್ಕನೆಟ್ ಮಾದರಿ ಹಾಕಿ ನೋಡಿ. ಕಪ್ಪಿನ ಮೇಲಿನ ಹೊಲಿಗೆ ಟಿ ಶರ್ಟಿನಲ್ಲಿ ಕಾಣುತ್ತದೆ ಎಂಬ ಕಾರಣಕ್ಕೆ ಇವುಗಳನ್ನು ದೂರವಿಡುವವರೇ ಜಾಸ್ತಿ. ಎದೆಯನ್ನು ಎತ್ತಿ ಹಿಡಿಯುವ ಕೆಲಸದಲ್ಲಿ ಇವು ಫೋಮ್ ಕಪ್ಪಿಗಿಂತ ಎಷ್ಟೋ ಮೇಲು.

ಎರಡು ಬದಿಯ ಗಾತ್ರ ಒಂದೇ ಇಲ್ಲದಿರುವುದು ತೀರಾ ಸಾಮಾನ್ಯ. ದೊಡ್ಡ ಬದಿಗೆ ಸರಿಹೊಂದುವುದನ್ನು ಕೊಂಡು, ಚಿಕ್ಕ ಬದಿಯ ಸ್ಟ್ರಾಪನ್ನು ಸ್ವಲ್ಪ ಕಿರಿದು ಮಾಡಿ. ಪ್ಯಾಡ್ ತೆಗೆಯಲು ಬರುವ ಬ್ರಾ ಆದರೆ ದೊಡ್ಡ ಬದಿಯ ಪ್ಯಾಡ್ ಮಾತ್ರ ತೆಗೆದುಬಿಡಿ.

ವೈರ್ ಚುಚ್ಚುತ್ತದೆ

ಎಲ್ಲಿ ಚುಚ್ಚುತ್ತದೆ ಎನ್ನುವುದೇ ಉತ್ತರ. ಎದೆಯ ಪಕ್ಕದ ಮಾಂಸದ ಮೇಲೆ ಒತ್ತಿದರೆ ಕಪ್ಪು ಕಿರಿದು. ಕಂಕುಳಿಗೆ ತಾಗಿದರೆ ವೈರ್ ನಿಮ್ಮ ಮೈಗೆ ಉದ್ದ. ಎತ್ತರ ಕಡಿಮೆ ಇರುವವರಿಗೆ ಹೀಗಾಗುವುದು ಹೆಚ್ಚು, ಪಕ್ಕ ತಗ್ಗಾಗಿರುವ ಮಾದರಿ ನೋಡಿ. ನಡುವೆ ಚುಚ್ಚಿದರೆ ನಡುತುಂಡು ಎತ್ತರ ಅಥವಾ ಅಗಲವಾಗಿದೆ, ಎದೆಗಳು ಹತ್ತಿರ ಹತ್ತಿರ ಇರುವವರಿಗೆ ನಡುತುಂಡು ಸಣ್ಣದಿರಬೇಕು.

ಬಟ್ಟೆ ಹರಿದು ತುದಿ ಹೊರಬಂದಿದ್ದರೆ, ಮೊದಲು ತುದಿಯನ್ನು ಬೆರಳಿಂದ ಸವರಿ ನೋಡಿ. ಅದರ ಮೇಲೆ ಪ್ಲಾಸ್ಟಿಕ್ ಹನಿಯಂಥ ಲೇಪ ಇರಬೇಕು. ಇದ್ದರೆ ವೈರನ್ನು ಒಳಗೆ ತಳ್ಳಿ, ತೂತಿನ ಮೇಲೆ ದಪ್ಪ ಹತ್ತಿ ಬಟ್ಟೆಯ ಎರಡು ಸೆಂ.ಮೀ. ತುಂಡಿಟ್ಟು, ನಾಲ್ಕು ಬದಿಗೂ ಒತ್ತೊತ್ತಾಗಿ ಹೊಲಿಯಿರಿ. ಬರೀ ತೂತನ್ನು ಹೊಲಿದರೆ ನಾಲ್ಕು ದಿನಕ್ಕೆ ಮತ್ತೆ ಕಿತ್ತುಬರುತ್ತದೆ. ಲೇಪ ಹೋಗಿದ್ದರೆ ಅಥವಾ ವೈರ್ ಮುರಿದಿದ್ದರೆ ಆ ಬ್ರಾ ಬಿಡಿ. ಒಂದು ಬದಿಯ ವೈರ್ ತೆಗೆದು ಇನ್ನೊಂದನ್ನು ಉಳಿಸಿಕೊಂಡು ಹಾಕುವುದು ಮಾತ್ರ ಬೇಡವೇ ಬೇಡ.

ವೈರ್ ಇದ್ದರೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ, ಋತುಬಂಧದ ನಂತರದ ಮಹಿಳೆಯರಲ್ಲಿ, ದಿನಕ್ಕೆ ಎಷ್ಟು ಹೊತ್ತು ಬ್ರಾ ಹಾಕುತ್ತಾರೆ, ವೈರ್ ಇದೆಯೋ ಇಲ್ಲವೋ ಎಂಬುದಕ್ಕೂ ಕ್ಯಾನ್ಸರಿಗೂ ಯಾವ ನಂಟನ್ನೂ ಕಾಣಲಿಲ್ಲ. ಗಂಟು, ತೊಟ್ಟಿನಿಂದ ರಕ್ತ ಅಥವಾ ದ್ರವ, ತೊಟ್ಟು ಹೊಸದಾಗಿ ಒಳಸರಿಯುವುದು, ಚರ್ಮದಲ್ಲಿ ಗುಳಿ ಬೀಳುವುದು ಕಂಡರೆ ಮಾತ್ರ ಬ್ರಾ ಬದಲಿಸಿ ನೋಡೋಣ ಎಂದು ಕಾಯಬೇಡಿ. ನೋವಿಲ್ಲದಿದ್ದರೂ ಆ ವಾರವೇ ವೈದ್ಯರಿಗೆ ತೋರಿಸಿ.

ತುರಿಕೆ, ಕೆಂಪು, ಎದೆಯ ಕೆಳಗೆ ಹುಣ್ಣು

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದೇ ದೊಡ್ಡ ಕಾಟ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಉಜ್ಜಿ, ಫಂಗಸ್ ಹತ್ತುತ್ತದೆ. ಸಡಿಲ ಬ್ಯಾಂಡ್ ಇದಕ್ಕೆ ನೆರವಾಗುತ್ತದೆ, ಏಕೆಂದರೆ ಎದೆಯನ್ನು ಎತ್ತಿ ಹಿಡಿಯದಿದ್ದರೆ ಚರ್ಮಕ್ಕೆ ಚರ್ಮ ತಾಕಿಕೊಂಡೇ ಇರುತ್ತದೆ. ಇನ್ನೊಂದು ಕಾರಣ ಅರೆ ಒಣಗಿದ ಬ್ರಾ. ಗಂಡಸರ ಬನಿಯನ್ನು ಬಿಸಿಲಿಗೆ, ಬ್ರಾ ಮಾತ್ರ ಬಚ್ಚಲ ಮೂಲೆಗೆ ಅಥವಾ ಸೀರೆಯ ಅಡಿಗೆ: ಯಾರ ಕಣ್ಣಿಗೂ ಬೀಳಬಾರದೆಂಬ ಈ ಮುಜುಗರದ ಬೆಲೆಯನ್ನು ಚರ್ಮ ತೆರುತ್ತದೆ. ಗಾಳಿ ಆಡುವ ಕಡೆ ಬಿಡಿಯಾಗಿ ಒಣಹಾಕಿ. ಮಳೆಗಾಲಕ್ಕೆ ಫೋಮ್ ಕಪ್ಪನ್ನು ಬದಿಗಿಟ್ಟು ತೆಳು ಹತ್ತಿಯದನ್ನು ಬಳಸಿ, ಫೋಮ್ ಒಣಗಲು ಎರಡು ದಿನವಾದರೂ ಬೇಕು.

ಅಂಚು ಕೆಂಪಾಗಿ ಹರಡುತ್ತಿದ್ದರೆ ಚರ್ಮದ ವೈದ್ಯರಲ್ಲಿಗೆ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ತುರಿಕೆ ಮುಲಾಮುಗಳಲ್ಲಿ ಹಲವದರಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡು ದಿನಕ್ಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಬೆಳೆಯುತ್ತದೆ.

ಹೊಸದಿದ್ದಾಗ ಚೆನ್ನಾಗಿತ್ತು, ಈಗ ಇಲ್ಲ

ಕೊನೆಯ ಬಿಗಿ ಸಾಲಿಗೆ ಹಾಕಿದರೂ ಬ್ಯಾಂಡ್ ಸಡಿಲ ಎಂದರೆ ಎಲಾಸ್ಟಿಕ್ ಮುಗಿದಿದೆ, ಅದಕ್ಕೆ ರಿಪೇರಿಯಿಲ್ಲ. ಹಿಗ್ಗಿಸಿ ಬಿಟ್ಟಾಗ ಅಂಚಿನಲ್ಲಿ ಕೂದಲಿನಂಥ ಬಿಳಿ ಎಳೆಗಳು ಎದ್ದಿರುವುದು ಕಾಣುತ್ತದೆ. ಅದು ತುಂಡಾದ ಎಲಾಸ್ಟೇನ್ ನೂಲು. ಬಿಸಿನೀರು, ಬ್ಲೀಚ್, ಬಟ್ಟೆ ಮೃದು ಮಾಡುವ ದ್ರವ, ಹಿಂಡುವುದು, ಬಟ್ಟೆ ಕಲ್ಲಿಗೆ ಬಡಿಯುವುದು ಎಲ್ಲವೂ ಅದನ್ನು ಕೊಲ್ಲುತ್ತವೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನ ಕಸ ನೂಲಿಗೆ ಅಂಟಿ ಬಟ್ಟೆ ಒರಟಾಗುತ್ತದೆ, ಅಲ್ಲಿ ಬಾರ್ ಸೋಪಿಗಿಂತ ದ್ರವ ಡಿಟರ್ಜೆಂಟ್ ಮೇಲು. ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲಿ ಒತ್ತಿ ತೊಳೆದು, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಮಷೀನಿಗೇ ಹಾಕುವುದಾದರೆ ಹುಕ್ಕು ಹಾಕಿ, ಬಲೆಯ ಚೀಲದಲ್ಲಿಡಿ. ನೇತುಹಾಕುವುದು ನಡುತುಂಡಿನಿಂದ; ಸ್ಟ್ರಾಪಿನಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಅದು ಉದ್ದವಾಗುತ್ತದೆ. ಒಂದನ್ನೇ ದಿನವೂ ಹಾಕದೆ ಮೂರನ್ನು ಸರದಿಯಲ್ಲಿ ಬಳಸಿದರೆ ಮೂರೂ ಹೆಚ್ಚು ಬಾಳುತ್ತವೆ.

ಬ್ರಾ ಹಾಗೇ ಇದ್ದು ಮೈ ಬದಲಾಗಿರಲೂಬಹುದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದೆ ಊದಿಕೊಳ್ಳುವವರು ಆ ವಾರಕ್ಕೆಂದೇ ವೈರ್ ಇಲ್ಲದ ಒಂದನ್ನು ಇಟ್ಟುಕೊಳ್ಳಿ. ಬಾಣಂತಿಯರಿಗೆ ಬಿಗಿಯಾದದ್ದು ಬೇಡ. ಒತ್ತಿದ ಕಡೆ ಹಾಲು ಕಟ್ಟಿಕೊಂಡು ಬಾವು, ಜ್ವರ ಬರಬಹುದು. ಫೀಡಿಂಗ್ ಬ್ರಾವನ್ನು ಗರ್ಭದ ಕೊನೆಯ ವಾರಗಳಲ್ಲಿ ಕೊಳ್ಳಿ, ಅತಿ ಸಡಿಲ ಸಾಲಿಗೆ ಸರಿಹೋಗುವಂತಿರಲಿ, ಕಪ್ಪಿನಲ್ಲಿ ಸ್ವಲ್ಪ ಜಾಗವಿರಲಿ.

ಹಾಕಿ ನೋಡಲು ಜಾಗವಿಲ್ಲದ ಅಂಗಡಿಯಲ್ಲಿ

ಊರಿನ ಅಂಗಡಿಯಲ್ಲಿ ಟ್ರಯಲ್ ರೂಮ್ ಇರುವುದಿಲ್ಲ, ಕೌಂಟರಿನ ಆಚೆ ಗಂಡಸು ನಿಂತಿರುತ್ತಾನೆ, ಬಾಯಿಗೆ ಬಂದ ಸೈಜು ಹೇಳಿ ಬೇಗ ಹೊರಬಂದುಬಿಡುತ್ತೇವೆ. ಸೆಂಟಿಮೀಟರಿನ ಎರಡು ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅದನ್ನೇ ಕೊಡಿ. ಒಮ್ಮೆಗೆ ಒಂದೇ ಕೊಳ್ಳಿ, ಆರರ ಪ್ಯಾಕ್ ಬೇಡ. ಬದಲಿಸಿ ಕೊಡುತ್ತಾರೆಯೇ ಎಂದು ದುಡ್ಡು ಕೊಡುವ ಮುಂಚೆಯೇ ಕೇಳಿ. ಕೊಡುವುದಾದರೆ ಮನೆಯಲ್ಲಿ ಚೀಟಿ ಕೀಳದೆ ತೆಳು ಬನಿಯನ್ನಿನ ಮೇಲೆ ಅರ್ಧ ಗಂಟೆ ಹಾಕಿಕೊಂಡು ಕೂತು, ಬಾಗಿ, ಎರಡೂ ಕೈ ಮೇಲೆತ್ತಿ ನೋಡಿ. ನಿಂತಾಗ ಸರಿಯಿದ್ದು ಕೂತಾಗ ಹೊಟ್ಟೆಯ ಮೇಲ್ಭಾಗಕ್ಕೆ ಸುರುಳಿಯಾಗುವ ಬ್ಯಾಂಡ್ ದಿನವಿಡೀ ಹಾಗೆಯೇ ಕಾಡುತ್ತದೆ.

ಹೊಸ ಬ್ರಾಗೆ ಹಳೆಯ ಬ್ಲೌಸ್ ಕೂರುವುದಿಲ್ಲ

ಸರಿಯಾದ ಬ್ರಾ ಹಾಕಿದಾಗ ಎದೆಯ ತುದಿ ಮೇಲಕ್ಕೆ ಬರುತ್ತದೆ, ಟೈಲರುಗಳು ಹೇಳುವ ಟಕ್ಸ್ ಪಾಯಿಂಟ್ ಬದಲಾಗುತ್ತದೆ. ಹಳೆಯ ಬ್ಲೌಸಿನಲ್ಲಿ ಕೆಳಗೆ ಗಾಳಿ ತುಂಬಿದಂತೆ, ಮೇಲೆ ಬಿಗಿದಂತೆ ಆಗುವುದು ಅದಕ್ಕೇ. ಪಕ್ಕದಲ್ಲಿ ಒಳಗೆ ಬಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡಿದರೆ ಇದು ಸರಿಹೋಗದು, ಟಕ್ಸ್ ಬಿಚ್ಚಿ ಮೇಲೆ ಏರಿಸಬೇಕು. ಕಟೋರಿ ಬ್ಲೌಸ್ ಆದರೆ ಅದೂ ಕಷ್ಟ, ಕಟೋರಿಯ ತುಂಡನ್ನೇ ಹೊಸದಾಗಿ ಕತ್ತರಿಸಬೇಕಾಗುತ್ತದೆ. ಮದುವೆಗೋ ಹಬ್ಬಕ್ಕೋ ಬ್ಲೌಸ್ ಹೊಲಿಸುವುದಿದ್ದರೆ ಮೊದಲು ಬ್ರಾ ಕೊಳ್ಳಿ, ಅದನ್ನು ಹಾಕಿಕೊಂಡೇ ಅಳತೆ ಕೊಡಿ. ಅಳತೆಗೆಂದು ಹಳೆಯ ಬ್ಲೌಸ್ ಕೊಟ್ಟು ಬರಬೇಡಿ. ಹೆಗಲಿಂದ ಎದೆಯ ತುದಿಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಈ ಎರಡನ್ನೂ ಟೇಪು ಹಿಡಿದು ತೆಗೆಸಿ. ಕುತ್ತಿಗೆ ಎಷ್ಟು ಆಳ ಎಂದು ಗುರುತು ಹಾಕಿಸುವಾಗ ಸ್ಟ್ರಾಪ್ ಎಲ್ಲಿ ಬರುತ್ತದೆ ಎಂದು ತೋರಿಸಿ, ಹೆಗಲ ಹೊಲಿಗೆಯ ಒಳಗೆ ಸ್ಟ್ರಾಪ್ ಹಿಡಿದಿಡಲು ಪ್ರೆಸ್ ಬಟನ್ ಇರುವ ಚಿಕ್ಕ ಪಟ್ಟಿ ಇಡಿಸಿ.